ಓಬಳಪ್ಪನ ತಪ್ಪು

ಕರೆಬೂದಿಹಾಳಿನ ಕೆರೆ ಹರವಿಗೆ ಹೆಸರಾದದ್ದೇ ಹೊರತು ಆಳಕ್ಕಲ್ಲ. ಕೋಡಿ ಬಿದ್ದ ವರ್ಷವೂ ನಡುಕೆರೆಯಲ್ಲಿ ನಿಂತವನ ಎದೆ ನೆನೆದರೆ ಹೆಚ್ಚು. ಇದರ ಬಡಗಣ ಮೂಲೆಯಲ್ಲಿ, ಜೊಂಡು ದಟ್ಟವಾಗಿ ಬೆಳೆದ ಕಡೆ, ನೀರೊಳಗೆ ಸಾಲಾಗಿ ನೆಟ್ಟ ಐದು ಕಲ್ಲುಗಳಿವೆ. ಆ ಕಲ್ಲುಗಳಾಚೆಗೆ ಬಲೆ ಬೀಸುವವರಿಲ್ಲ, ಗಾಳ ಹಾಕುವವರೂ ಇಲ್ಲ. ಮೀನುಗಾರರ ಸಂಘದವರು ದಡದಲ್ಲಿ ನಿಲ್ಲಿಸಿದ ಫಲಕದ ಮೇಲೆ ‘ಮೀನು ಸಂರಕ್ಷಣಾ ವಲಯ’ ಎಂದಿದೆ. ಬರೆಸಿದವರ ಬಾಯಲ್ಲೇ ಆ ಹೆಸರು ಬರುವುದಿಲ್ಲ. ಊರಿಗೆ ಊರೇ ಆ ಮೂಲೆಯನ್ನು ‘ಓಬಳಪ್ಪನ ತಪ್ಪು’ ಎನ್ನುತ್ತದೆ. ಬಸ್ಸಿನ ಕಂಡಕ್ಟರು ಕೂಡ ಏರಿಯ ತಿರುವಿನಲ್ಲಿ “ತಪ್ಪು ಯಾರ್ರೀ ಇಳಿಯೋರು?” ಎಂದೇ ಕೂಗುತ್ತಾನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಏರಿಯ ಕೆಳಗೆ ಬೆಸ್ತರ ಇಪ್ಪತ್ತು ಮನೆಗಳಿದ್ದವು ಎನ್ನುತ್ತಾರೆ. ಅವರ ಯಜಮಾನ ಓಬಳಪ್ಪ. ನೀರಿನ ಬಣ್ಣ ನೋಡಿ ಅಡಿಯಲ್ಲಿ ಯಾವ ಮೀನಿದೆ ಎಂದು ಹೇಳಬಲ್ಲವನು. ಹೇಳಿದ ಮೇಲೆ ತಪ್ಪಾಯಿತೆಂದು ಒಪ್ಪಿದ್ದನ್ನು ಕಂಡವರಿಲ್ಲ. ಒಂದು ವರ್ಷ ಗೆಂಡೆ ಮೀನು ಸ್ವಲ್ಪ ಕಡಿಮೆ ಬಿತ್ತು. ಅದೇ ವಾರ ಅವನು ಒಂದು ಕುಚ್ಚು ಮೀನಿನ ಹೊಟ್ಟೆ ಸೀಳಿದಾಗ ಒಳಗೆ ಏಳು ಗೆಂಡೆ ಮರಿಗಳು ಸಿಕ್ಕವು. ಕಳ್ಳ ಕೈಗೇ ಸಿಕ್ಕನೆಂದು ಓಬಳಪ್ಪ ಹಿಗ್ಗಿದ. ಕೆರೆಯಲ್ಲಿ ಕುಚ್ಚಿನ ಕುಲವೇ ಉಳಿಯಬಾರದೆಂದು ಕಟ್ಟೆಯ ಮೇಲೆ ಕೂತು ಕಟ್ಟಳೆ ಮಾಡಿದ. ಕುಚ್ಚನ್ನು ಕೊಲ್ಲುವುದು ಸುಲಭ. ಮುಂಗಾರಿನಲ್ಲಿ ಅದರ ಕೆಂಪು ಮರಿಗಳು ಕುಂಕುಮ ಚೆಲ್ಲಿದ ಹಾಗೆ ನೀರ ಮೇಲೆ ಗುಂಪಾಗಿ ತೇಲುತ್ತವೆ, ಕೆಳಗೆ ತಾಯಿತಂದೆ ಎರಡೂ ಕಾವಲಿರುತ್ತವೆ. ಈಟಿ ಕಂಡರೂ ಮರಿ ಬಿಟ್ಟು ಕದಲುವುದಿಲ್ಲ. ಅದಕ್ಕೇ ಬೆಸ್ತರಲ್ಲಿ ಮರಿ ಕಾಯುವ ಮೀನಿಗೆ ಈಟಿ ಎತ್ತದ ಪದ್ಧತಿ ಇತ್ತು. ಕೇರಿಗೆಲ್ಲ ಬಲೆ ಹೆಣೆದುಕೊಡುತ್ತಿದ್ದ ಅವನ ಅಕ್ಕ ತಿಪ್ಪಕ್ಕ ಅದನ್ನೇ ನೆನಪಿಸಿದಳು.

“ಬಾಣಂತಿ ಮೀನು ಕಣೋ. ಒಂದು ಹೊಟ್ಟೆ ಸೀಳಿ ಕುಲಕ್ಕೆಲ್ಲ ನ್ಯಾಯ ಹೇಳಬ್ಯಾಡ.”

“ನಿನಗೆ ಕುಚ್ಚೂ ನೆಂಟರಾ ಅಕ್ಕಾ?” ಎಂದು ಓಬಳಪ್ಪ ನಕ್ಕ. ಕಟ್ಟೆಯೂ ನಕ್ಕಿತು. ಆ ಮುಂಗಾರಿನಲ್ಲೇ ಕೆರೆಯ ಕುಚ್ಚೆಲ್ಲ ಈಟಿಗೆ ಬಿತ್ತು.

ಮೊದಲ ವರ್ಷ ಗೆಂಡೆ ಚೆನ್ನಾಗಿಯೇ ಬಿತ್ತು. ಯಜಮಾನನ ಮೀಸೆ ಇನ್ನೂ ಮೇಲೆ ತಿರುಗಿತು. ಎರಡನೆಯ ಮಳೆಗೆ ಬಲೆಯ ತುಂಬ ಪಕ್ಕೆ, ಬೆರಳುದ್ದದ ಸಣ್ಣ ಮೀನು. ಮೂರನೆಯ ಮಳೆಗೆ ಪಕ್ಕೆಯ ಹೊರತು ಬೇರೇನೂ ಇಲ್ಲ. ತಿನ್ನುವವರಿಲ್ಲದೆ ಬೆಳೆದ ಆ ಹಿಂಡು ಗೆಂಡೆಯ ಮೊಟ್ಟೆಗಳನ್ನೂ ಬಿಡದೆ ಮುಕ್ಕಿ, ಕೊನೆಗೆ ತನಗೇ ಮೇವು ಸಾಲದೆ ತಲೆ ದೊಡ್ಡದಾಗಿ ಮೈ ಕಡ್ಡಿಯಾಗಿ ನಿಂತಿತು. ನೀರು ರಾಡಿಯಾಯಿತು, ಅಡಿಯ ಪಾಚಿ ಕೊಳೆಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಕೆರೆಯ ಪಾಡು. ಹೊಳೆಯ ದಿಕ್ಕಿಗೆ ಗುಳೆ ಹೋದವರು ಹೋಗಿ, ಇಪ್ಪತ್ತರಲ್ಲಿ ಏಳು ಮನೆ ಉಳಿದವು. ಆ ಏಳೂ ಹೋದರೆ ಕೇರಿ ಎಂಬುದೇ ಇರುವುದಿಲ್ಲವೆಂದು ಓಬಳಪ್ಪನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ತಿಪ್ಪಕ್ಕನೂ ಊರು ಬಿಡಲು ನೂಲಿನ ಗಂಟು ಕಟ್ಟುತ್ತಿದ್ದಳು. “ಈ ಪಕ್ಕೆ ಹಿಡಿಯೋಕೆ ಬಲೆ ಯಾಕಪ್ಪ, ಜರಡಿ ಹೆಣೀಲಾ?” ಎಂದಳು. ಓಬಳಪ್ಪ ಮುಂದಿನ ಅಮಾವಾಸ್ಯೆಯವರೆಗೆ ಇರು ಎಂದಷ್ಟೇ ಬೇಡಿಕೊಂಡು, ಗೆಂಡೆ ಇನ್ನೂ ಬೀಳುತ್ತಿದ್ದ ಮೂಡಣ ಸೀಮೆಯ ದೊಡ್ಡಕೆರೆಗೆ ನಡೆದ.

ಅಲ್ಲಿಯ ಯಜಮಾನ ಗಾದ್ರೆಪ್ಪನ ಅಂಗಳದಲ್ಲಿ ಹೆಂಗಸರು ಅಂದಿನ ಕುಚ್ಚು ಮೀನುಗಳನ್ನು ಹಸನು ಮಾಡುತ್ತಿದ್ದರು. ಓಬಳಪ್ಪ ಪಕ್ಕದಲ್ಲೇ ಕುಳಿತು ನೋಡಿದ. ಹನ್ನೆರಡು ಹೊಟ್ಟೆ ಸೀಳಿದರು. ಹನ್ನೊಂದರಲ್ಲಿ ಬರೀ ಪಕ್ಕೆ, ಒಂದರಲ್ಲಿ ಮಾತ್ರ ಗೆಂಡೆ ಮರಿ. ತನಗೆ ಅಂದು ಸಿಕ್ಕದ್ದು ಆ ಒಂದು. ಜೀವಂತ ಕುಚ್ಚು ಬೇಕಿತ್ತೆಂದು ಕೇಳಿದ. ಗಾದ್ರೆಪ್ಪನಿಗೆ ಸೋಜಿಗ. “ನಿಮ್ಮ ಕೆರೇಲಿ ಇದ್ವಲ್ಲಪ್ಪ, ಏನಾದ್ವು?” ಎಂದ. ಬರ ಬಂದು ಸತ್ತವು ಎಂಬ ಮಾತು ಓಬಳಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಹೆಂಗಸರೆಲ್ಲ ಕೇಳುವಂತೆ, “ನಾನು ಕೊಲ್ಲಿಸಿದೆ. ತಪ್ಪಾಯ್ತು” ಎಂದ. ಹುಟ್ಟಿದ ಮೇಲೆ ಅವನು ಆ ಮಾತು ಆಡಿದ್ದು ಅದೇ ಮೊದಲು ಎನ್ನುತ್ತಾರೆ. ಗಾದ್ರೆಪ್ಪ ಐದು ಜೋಡಿ ಹಿಡಿಸಿಕೊಟ್ಟ. ಕುಚ್ಚು ಗಾಳಿಯುಂಡು ಬದುಕುವ ಮೀನು. ಒದ್ದೆ ಹುಲ್ಲಿನಲ್ಲಿ ಸುತ್ತಿ, ದಾರಿಯ ಬಾವಿಬಾವಿಗೂ ನೀರು ಚಿಮುಕಿಸಿಕೊಂಡು, ಓಬಳಪ್ಪ ಅವನ್ನು ಹೊತ್ತು ತಂದು ಜೊಂಡಿನ ಮೂಲೆಯಲ್ಲಿ ಬಿಟ್ಟ. ಜೋಡಿಗೊಂದರಂತೆ ಐದು ಕಲ್ಲು ನೆಟ್ಟ. ಕಲ್ಲಿನಾಚೆ ಯಾರೂ ಕೈ ಹಾಕಬಾರದು, ನಾಲ್ಕು ಬೆರಳು ತೂರದ ಕಣ್ಣಿನ ಬಲೆ ಕೆರೆಗೆ ಇಳಿಯಬಾರದು ಎಂದು ಕಟ್ಟಳೆ ಮಾಡಿದ. ತಿಪ್ಪಕ್ಕ ನೂಲಿನ ಗಂಟು ಬಿಚ್ಚಿದಳು.

ನಾಲ್ಕು ಮಳೆ ಕಳೆಯುವ ಹೊತ್ತಿಗೆ ನೀರು ತಿಳಿಯಾಗಿ ಗೆಂಡೆ ಮರಳಿತು. ಹೋದ ಮನೆಗಳಲ್ಲಿ ಒಂಬತ್ತು ಮರಳಿದವು, ನಾಲ್ಕು ಮರಳಲಿಲ್ಲ. ಕೇರಿಯವರು ಸೇರಿ ಆ ಮೂಲೆಗೆ ‘ಓಬಳಪ್ಪನ ಪುಣ್ಯ’ ಎಂದು ಹೆಸರಿಡಲು ಹೊರಟರು. ಮುದುಕನಾಗಿದ್ದ ಯಜಮಾನ ಒಪ್ಪಲಿಲ್ಲ.

“ಪುಣ್ಯ ಅಂದ್ರೆ ಕೈ ಮುಗಿದು ಮುಂದಕ್ಕೆ ಹೋಗ್ತಾರೆ. ತಪ್ಪು ಅನ್ರಿ. ಏನು ತಪ್ಪು ಅಂತ ನಿಂತು ಕೇಳ್ತಾರೆ.”

ಅವನು ಹೇಳಿದ್ದು ನಿಜವೇ ಆಗಿದೆ. ಮುಂಗಾರಿನಲ್ಲಿ ಇಂದಿಗೂ ಜೊಂಡಿನ ನಡುವೆ ಕೆಂಪು ಮರಿಗಳ ಗುಂಪು ತೇಲುವುದನ್ನು ಬಂದವರು ಕಾಣಬಹುದು. ಬಸ್ಸಿಳಿದವರು ಕೈ ಮುಗಿಯುವುದಿಲ್ಲ, ಹಣ್ಣುಕಾಯಿ ಮಾಡಿಸುವುದಿಲ್ಲ. ಯಾವ ಓಬಳಪ್ಪ, ಏನು ತಪ್ಪು ಎಂದು ಕೇಳುತ್ತಾರೆ. ಆಗ ದಡದಲ್ಲಿ ಬಲೆ ಸರಿಪಡಿಸುತ್ತ ಕುಳಿತವರು, ಯಾರೇ ಆಗಿರಲಿ, ಕೈಯ ಕೆಲಸ ಬಿಟ್ಟು ಮೊದಲಿನಿಂದ ಹೇಳುತ್ತಾರೆ.