ಗಾಣದ ಶೆಟ್ಟಿಯ ವರಮಾನ

"ತಿಂಗಳಿಗೆ ಮೂರು ಹಣ, ಪ್ರಭು. ಅದಕ್ಕಿಂತ ಒಂದು ಕಾಸು ಹೆಚ್ಚು ಅಂತ ಯಾರಾದರೂ ತೋರಿಸಿಕೊಡಲಿ, ಅವರ ಮನೇಲಿ ಬದುಕಿರೋವರೆಗೂ ಜೀತ ಮಾಡ್ತೀನಿ."

ತುಂಬಿದ ಸಭೆಯಲ್ಲಿ ಎಣ್ಣೆ ವ್ಯಾಪಾರಿ ಸಿಂಗಿಶೆಟ್ಟಿ ಹೀಗೆ ಪಂಥ ಕಟ್ಟಿದ. ಹರಿದ ಪಂಚೆ ಉಟ್ಟು ಬಂದಿದ್ದ. ಪಂಚೆ ಹೊಸದು, ಹರಿದದ್ದೂ ಹೊಸದಾಗಿಯೇ.

ಕಂಬದ ಬಳಿ ಅವನ ಹೆಂಡತಿ ಚೆನ್ನಾಜಿ, ಸೊಂಟದ ಮೇಲೆ ಮಗಳು. ಗಂಡ ಹೆಂಡಿರಿಗೆ ಹೊಂದಲಿಲ್ಲ, ಬೇರೆಯಾದರು. ಗಾಣ ಅವನಿಗಾಯಿತು, ಮಗು ಅವಳಿಗಾಯಿತು. ತಂದೆಯ ವರಮಾನದಲ್ಲಿ ಆರರಲ್ಲೊಂದು ಪಾಲು ಮಗುವಿನ ಅನ್ನಕ್ಕೆ ಅನ್ನೋದು ಆ ರಾಜ್ಯದ ಕಟ್ಟಳೆ.

"ಹಾಗಾದರೆ ಮಗುವಿಗೆ ಅರ್ಧ ಹಣ" ಅಂದ ದೊರೆ.

"ಅರ್ಧ ಹಣಕ್ಕೆ ಹಾಲು ಬರೋದಿಲ್ಲ ಬುದ್ಧಿ. ಹಾಲಿನ ಚೆಂಬು ತೊಳೆದ ನೀರು ಬಂದೀತು" ಅಂದಳು ಚೆನ್ನಾಜಿ.

"ಇವಳೂ ನೂಲು ತೆಗೀತಾಳೆ ಪ್ರಭು. ಅದನ್ನೂ ಲೆಕ್ಕಕ್ಕೆ ಹಿಡೀಬೇಕು."

"ಹಿಡಿಯೋಣ" ಅಂದ ಹಂಪಯ್ಯ. "ಜ್ವರ ಬಂದ ಮಗೂನ ಹೆಗಲ ಮೇಲೆ ಹಾಕ್ಕೊಂಡು ಬೆಳತನಕ ತಿರುಗಿದ್ದನ್ನೂ ಹಿಡಿಯೋಣ. ಅದರಲ್ಲಿ ತಮ್ಮ ಪಾಲೆಷ್ಟು ಶೆಟ್ಟರೆ?"

ಶೆಟ್ಟಿ ಕೆಮ್ಮಿದ.

ಹಂಪಯ್ಯ ಆಸ್ಥಾನದ ವಿದೂಷಕ. ಹೆಂಡತಿ ತೀರಿಕೊಂಡ ಮೇಲೆ ಅವನು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ನಗಿಸುವುದನ್ನು ಬಿಟ್ಟಿರಲಿಲ್ಲ. ಅದು ಸಂಬಳದ ಕೆಲಸ.

ಸಭೆ ಮುಗಿದ ಮೇಲೆ ದೊರೆ ಕೇಳಿದ, "ಅವನು ಸುಳ್ಳು ಹೇಳ್ತಿದಾನೆ. ಹಿಡಿಯೋದು ಹೇಗಯ್ಯಾ?"

"ಗಂಡಸಿನ ವರಮಾನವನ್ನ ಸಭೇಲಿ ಕೇಳಬಾರದು ಪ್ರಭು. ಹೆಣ್ಣು ಕೊಡೋರು ಬಂದು ಕೇಳಬೇಕು. ಆವತ್ತು ಯಾರೂ ಬಡವರಲ್ಲ."

ಶೆಟ್ಟಿ ಎರಡನೇ ಮದುವೆಗೆ ಹೆಣ್ಣು ಹುಡುಕುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಹೊಳೆಯಾಚೆಯಿಂದ ಹೆಣ್ಣಿನ ಕಡೆಯವರು ಬರುತ್ತಾರೆ ಅಂತ ಹಂಪಯ್ಯ ಹೇಳಿಕಳಿಸಿದ. ದೊಡ್ಡ ರುಮಾಲು ಸುತ್ತಿ, ಮೀಸೆ ಅಂಟಿಸಿ, ಹೆಣ್ಣಿನ ಸೋದರಮಾವನಾದ. ದೊರೆ ಕಂಬಳಿ ಹೊದ್ದು ಕಿವುಡ ಅಜ್ಜನಾದ. ಕಂಬಳಿ ಚುಚ್ಚುತ್ತದೆ ಅಂತ ದಾರಿಯುದ್ದಕ್ಕೂ ಗೊಣಗಿದ.

ಶೆಟ್ಟಿಯ ಕೊಟ್ಟಿಗೆಯಲ್ಲಿ ಆ ದಿನ ಹಸುಗಳು ಒಂದನ್ನೊಂದು ತಿವಿಯುತ್ತಿದ್ದವು. ಅರ್ಧದಷ್ಟು ಹಸುಗಳು ಪಕ್ಕದ ಮನೆಯಿಂದ ತಂದವು, ಅವಕ್ಕೆ ಪರಿಚಯವಿರಲಿಲ್ಲ. ಶೆಟ್ಟಿ ಜರಿಯ ಪಂಚೆ ಉಟ್ಟಿದ್ದ. ಅತಿಥಿಗಳ ಮುಖ ನೋಡಲಿಲ್ಲ, ತಂದ ಹಣ್ಣಿನ ತಟ್ಟೆ ನೋಡಿದ.

"ಹುಡುಗಿ ಸುಖವಾಗಿ ಬೆಳೆದೋಳು ಶೆಟ್ಟರೆ. ತಮಗೆ ವರಮಾನ ಹೇಗೋ?"

"ನಾಲ್ಕು ಗಾಣ. ತಿಂಗಳಿಗೆ ಅರವತ್ತು ವರಹ."

"ನಮ್ಮ ಅಜ್ಜನಿಗೆ ಕಿವಿ ಮಂದ. ಸ್ವಲ್ಪ ಜೋರಾಗಿ."

"ಅರವತ್ತು ವರಹ!" ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು.

ಅಜ್ಜ ಕಂಬಳಿ ತೆಗೆದ. ಶೆಟ್ಟಿ ಆಗ ಮುಖ ನೋಡಿದ.

ಮಾರನೆಯ ದಿನ ಮತ್ತೆ ಸಭೆ.

"ಅದು ಮದುವೆಗೋಸ್ಕರ ಹೇಳಿದ ಸುಳ್ಳು ಪ್ರಭು!"

"ಆಗಬಹುದು" ಅಂದ ಹಂಪಯ್ಯ. "ಹೆಣ್ಣಿನ ಕಡೆಯ ಅಜ್ಜನೂ ಇವರೇ, ದೊರೆಯೂ ಇವರೇ. ಎರಡರಲ್ಲಿ ಒಂದು ಮಾತು ಸುಳ್ಳು. ಯಾವುದು ಅಂತ ಹೇಳಿಬಿಡಿ. ದೊರೆಗೆ ಹೇಳಿದ್ದು ಸುಳ್ಳಾದರೆ ನಾಲಿಗೆ ಹೋಗಬೇಕು, ಈಗಲೇ ಒಪ್ಪಿಕೊಂಡರೆ ಉಳಿಯುತ್ತೆ. ಅಜ್ಜನಿಗೆ ಹೇಳಿದ್ದರೆ ಹೆಚ್ಚೇನಿಲ್ಲ. ಮೋಸದ ಸಂಬಂಧ ಅಂತ ನಿಮ್ಮ ಕುಲದ ಹಿರಿಯರಿಗೆಲ್ಲ ಕೇಳೋ ಹಾಗೆ ಡಂಗುರ ಹೊಡೆಸ್ತೀವಿ. ಆಮೇಲೆ ಯಾರೂ ಹೆಣ್ಣು ಕೊಡೋದಿಲ್ಲ, ಎಣ್ಣೇನೂ ಕೊಳ್ಳೋದಿಲ್ಲ."

ಶೆಟ್ಟಿ ಬೆವರು ಒರೆಸಿಕೊಂಡ. "ನಿಜ ಎರಡರ ಮಧ್ಯೆ ಎಲ್ಲೋ ಇದೆ ಸ್ವಾಮಿ."

"ಇರಲಿ. ಹುಡುಕಿ ತರೋವರೆಗೆ ಮಗು ಕಾಯೋದಿಲ್ಲ. ಅದಕ್ಕೆ ಹಸಿವಾಗುತ್ತೆ."

"ಅರವತ್ತೇ" ಅಂದ ಶೆಟ್ಟಿ, ಯಾರಿಗೂ ಕೇಳಿಸದ ಹಾಗೆ.

"ನಮ್ಮ ಅಜ್ಜನಿಗೆ ಕಿವಿ ಮಂದ."

"ಅರವತ್ತು!"

"ಆರರಲ್ಲೊಂದು ಪಾಲು, ತಿಂಗಳಿಗೆ ಹತ್ತು ವರಹ" ಅಂದ ದೊರೆ. ಚೆನ್ನಾಜಿ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡಳು.

"ಪ್ರಭು, ಜೀತ ಉಳೀತು" ಅಂದ ಹಂಪಯ್ಯ.

"ಯಾರ ಮನೇಲಿ ಇಡೋಣ?"

"ಹೆಚ್ಚು ವರಮಾನ ತೋರಿಸಿಕೊಟ್ಟೋರ ಮನೇಲಿ ಅಂತ ಪಂಥ. ತೋರಿಸಿಕೊಟ್ಟೋರು ಶೆಟ್ಟರೇ. ಬದುಕಿರೋವರೆಗೂ ಅವರು ಶೆಟ್ಟರ ಮನೇಲೇ ಜೀತಕ್ಕಿರಲಿ. ಯಜಮಾನ ಬಲು ಜಿಪುಣ, ಹೊಟ್ಟೆಗೆ ಸರಿಯಾಗಿ ಹಾಕೋದಿಲ್ಲ. ಅನುಭವಿಸಲಿ."

ಸಭೆಯೆಲ್ಲ ನಕ್ಕಿತು. ದೊರೆ ಕಣ್ಣೊರೆಸಿಕೊಂಡು ತನ್ನ ಶಾಲನ್ನೇ ಹಂಪಯ್ಯನ ಹೆಗಲಿಗೆ ಹಾಕಿದ.

"ಇಷ್ಟು ಜಾಣ ನೀನು. ನಿನಗೂ ಒಂದು ಹೆಣ್ಣು ನೋಡೋಣವೇನಯ್ಯಾ?"

"ಬೇಡ ಪ್ರಭು. ಹೆಣ್ಣು ಕೊಡೋರು ಬಂದರೆ ನಾನೂ ಒಂದು ಸುಳ್ಳು ಹೇಳಬೇಕಾಗುತ್ತೆ."

"ನಿನಗೇನಯ್ಯಾ ಸುಳ್ಳು?"

"ಅವಳು ಹೋದ ಮೇಲೆ ಮನೆ ಖಾಲಿ ಇದೆ ಅಂತ."