ಕೋಗಿಲೆಯ ತಪಾಸಣೆ

ತೋಪಿನ ಹಕ್ಕಿಗಳೆಲ್ಲ ಸೇರಿ ಮರಿಗಳ ರಕ್ಷಣಾ ಸಮಿತಿಗೆ ಕೋಗಿಲೆಯನ್ನು ಅಧ್ಯಕ್ಷೆ ಮಾಡಿದವು. ಕಂಠ ಚೆನ್ನಾಗಿತ್ತು, ಅಷ್ಟೇ ಸಾಕಾಯಿತು. ಮೊದಲ ತಪಾಸಣೆಯಲ್ಲೇ ಗೊರವಂಕದ ಗೂಡಿನಲ್ಲಿ ಮರಿಯೊಂದು ಒಂಟಿಯಾಗಿ ಸಿಕ್ಕಿತು. ಅಷ್ಟರಲ್ಲಿ ತಾಯಿ ಗೊರವಂಕ ಹುಳ ಕಚ್ಚಿಕೊಂಡು ಹಾರಿಬಂತು.

"ಮರಿಯನ್ನು ಗೂಡಿನಲ್ಲಿ ಒಂಟಿ ಬಿಟ್ಟು ಹೋಗುವುದೇ ನಿರ್ಲಕ್ಷ್ಯ," ಎಂದಿತು ಕೋಗಿಲೆ. "ಕಾನೂನು ಸ್ಪಷ್ಟವಾಗಿದೆ."

"ಹೋಗದಿದ್ದರೆ ಅದು ಹಸಿವಿನಿಂದ ಸಾಯುತ್ತದೆ, ಅಧ್ಯಕ್ಷರೇ. ನಿಮ್ಮ ಮರಿಗಳನ್ನು ನೀವು ಎಂದೂ ಬಿಟ್ಟು ಹೋಗಿಲ್ಲವೇ?"

"ನನ್ನ ಗೂಡಿನಲ್ಲಿ ಒಂದು ಮರಿಯನ್ನೂ ನಾನು ಒಂಟಿ ಬಿಟ್ಟಿಲ್ಲ. ನನಗೆ ಗೂಡೇ ಇಲ್ಲ."

ಮರಿಯನ್ನು ಕಾಗೆಯ ಆರೈಕೆಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಕಾಗೆ ತಲೆ ತಗ್ಗಿಸಿ ಹೇಳಿತು, "ಅಧ್ಯಕ್ಷರೇ, ತಮ್ಮ ಮರಿಗಳೇ ಎರಡು ನನ್ನ ಗೂಡಿನಲ್ಲಿವೆ. ಇದೂ ಸೇರಿದರೆ ನಾನು ದಿನವಿಡೀ ಕೂಳು ಹುಡುಕುತ್ತ ಹೊರಗೇ ಇರಬೇಕಾಗುತ್ತದೆ. ಆಗ ಅದು ನಿರ್ಲಕ್ಷ್ಯವಾಗುವುದಿಲ್ಲವೇ?"

ಕೋಗಿಲೆ ಕಾಗೆಯ ಗೂಡಿನೊಳಗೆ ಇಣುಕಿ ನೋಡಿತು. ಬಾಯಿ ತೆರೆದು ಕಾಯುತ್ತಿದ್ದ ತನ್ನ ಮರಿಗಳ ಗುರುತು ಅದಕ್ಕೆ ಸಿಗಲಿಲ್ಲ.

"ಖಂಡಿತ ಆಗುತ್ತದೆ," ಎಂದಿತು. "ನಾಳೆ ನಿನ್ನ ಗೂಡಿಗೇ ತಪಾಸಣೆ."