ಮೆಷಿನ್ನಿನ ಮರಿಗಳು

ಇಪ್ಪತ್ತೆರಡು ದಿನ ಕಾವು ಕೂತರೂ ಹೇಂಟೆಯ ಮೊಟ್ಟೆ ಒಂದೂ ಒಡೆಯಲಿಲ್ಲ. ಮನೆಯೊಡತಿ ನೀಲವ್ವ ಆ ಮೊಟ್ಟೆಗಳನ್ನು ತೆಗೆದು, ಸಂತೆಯಲ್ಲಿ ಕೊಂಡ ಆರು ಮರಿಗಳನ್ನು ಮೆಲ್ಲಗೆ ಅದರ ಹೊಟ್ಟೆಯಡಿ ಸರಿಸಿದಳು. ಶಿವ ಕೊಟ್ಟದ್ದೆಂದು ಹೇಂಟೆ ರೆಕ್ಕೆ ಅಗಲಿಸಿತು.

ಬೆಳಗ್ಗೆ ತಿಪ್ಪೆಯ ಬಳಿ ಹೇಂಟೆ ಎಷ್ಟು ಕರೆದರೂ ಒಂದು ಮರಿಯೂ ತಿರುಗಿ ನೋಡಲಿಲ್ಲ.

ಹುಂಜ ನಕ್ಕಿತು. “ಕಾವು ಕೊಡುವ ಮೆಷಿನ್ನಿನಲ್ಲಿ ಹುಟ್ಟಿದವು ಕಣಕ್ಕ, ತಾಯಿಯ ದನಿ ಅವಕ್ಕೇನು ಗೊತ್ತು? ಸುಮ್ಮನೆ ಗಂಟಲು ಹರಿದುಕೊಳ್ಳಬೇಡ.”

“ಗೊತ್ತಾಗುವವರೆಗೆ ಕರೆಯುತ್ತೇನೆ, ಬಿಡಪ್ಪ.”

“ಅಷ್ಟರಲ್ಲಿ ಹದ್ದು ಬಂದರೆ?”

ಹದ್ದು ಬಂದೇ ಬಂತು. ಹುಂಜ ಬಣವೆಯಡಿ ನುಗ್ಗಿತು. ಹೇಂಟೆ ಕೂಗಿ ಕರೆಯಿತು. ಮರಿಗಳು ನಿಂತಲ್ಲೇ ನಿಂತವು. ಆಗ ಹೇಂಟೆ ತಾನೇ ಓಡಿಹೋಗಿ, ಆರನ್ನೂ ರೆಕ್ಕೆಯಡಿ ಮುಚ್ಚಿಕೊಂಡು ಬೆನ್ನೊಡ್ಡಿ ಕೂತಿತು. ಹದ್ದಿಗೆ ಸಿಕ್ಕಿದ್ದು ಒಂದು ಹಿಡಿ ಪುಕ್ಕ ಮಾತ್ರ.

“ಕರೆದರೂ ಬಾರದವಕ್ಕಾಗಿ ಬೆನ್ನು ಹರಿಸಿಕೊಂಡೆಯಲ್ಲಕ್ಕ!” ಎಂದಿತು ಹುಂಜ, ಬಣವೆಯಡಿಯಿಂದಲೇ.

“ಬರುವುದನ್ನು ಕಲಿಯಬೇಕಾದರೆ ಮೊದಲು ಬದುಕಿರಬೇಕಲ್ಲಪ್ಪ.”

ಮೈ ಕೊಡವಿಕೊಂಡು ಎದ್ದ ಹೇಂಟೆ ನಾಲ್ಕು ಹೆಜ್ಜೆ ದೂರ ಹೋಗಿ ಮತ್ತೆ ಕರೆಯಿತು. ಈ ಸಲ ಒಂದು ಮರಿ ತಲೆಯೆತ್ತಿತು. ಮರುಗಳಿಗೆ ಆರೂ ಓಡಿಬಂದವು.